ಹುಳಿ ಹಾಕದ ರೊಟ್ಟಿ

ಹಿಟ್ನಾಳದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ನರ್ಸಬಾಯಿಗೆ ಮಾತಿಗೊಮ್ಮೆ "ಯಾಕಂತ ಕೇಳ್ರಿ" ಎನ್ನುವ ರೂಢಿ. ನಾವು ಕೇಳದಿದ್ದರೆ ಗಲ್ಲಕ್ಕೆ ಕೈಯಿಟ್ಟು ಸುಮ್ಮನೆ ಕೂತುಬಿಡುವರು. ಕೇಳಲೇಬೇಕು, ಇಲ್ಲದಿದ್ದರೆ ಮಾತು ಮುಂದೆ ಹೋಗದು.

ಕ್ರೈಸ್ತರಾದ ಅವರು ಬೇಸಿಗೆ ಬಂತೆಂದರೆ ನಮ್ಮ ಕಟ್ಟೆಯ ಮೇಲೆ ಕೂತು ಯೆಹೂದ್ಯರ ಪಸ್ಕ ಹಬ್ಬದ ಕತೆ ಹೇಳುತ್ತಿದ್ದರು. ಫರೋಹನೆಂಬ ಅರಸನ ಗುಲಾಮರಾಗಿದ್ದ ಆ ಜನ ಬಿಡುಗಡೆ ಸಿಕ್ಕ ಗಳಿಗೆಯಲ್ಲೇ ಅವನ ನಾಡು ಬಿಟ್ಟು ಹೊರಟರಂತೆ. ಹಿಟ್ಟು ಹುಳಿ ಬರುವ ತನಕವೂ ಕಾಯಲಿಲ್ಲವಂತೆ. ಅದಕ್ಕೇ ಆ ಹಬ್ಬಕ್ಕೆ ಇಂದಿಗೂ ಹುಳಿ ಹಾಕದ ರೊಟ್ಟಿ. ಇದರಲ್ಲೇನು ಹೆಚ್ಚುಗಾರಿಕೆ ಎಂದೇ ನನ್ನ ಅತ್ತೆಗೆ ಅರ್ಥವಾಗಲಿಲ್ಲ.

"ಜ್ವಾಳದ ರೊಟ್ಟಿಗಿ ಯಾರರ ಹುಳಿ ಹಾಕ್ತಾರೇನ್ರಿ ಬಾಯಾರ? ಹಂಗಾರ ನಾವು ದಿನಾ ಹೊಂಟ ನಿಂತವ್ರ ಅಂದಂಗಾತು!"

ನರ್ಸಬಾಯಿ ಕಣ್ಣಲ್ಲಿ ನೀರು ಬರುವಂತೆ ನಕ್ಕರು.

ನಿಜಾಮನ ಆಳ್ವಿಕೆ ಮುಗಿದ ಮೇಲೆ ಚಾವಡಿಯಲ್ಲಿ ಊರಿನ ಮೊದಲ ಸಭೆ ಸೇರಿತು. ನಾವೇ ಕೈಯೆತ್ತಿ ಆರಿಸಿದ ಯಜಮಾನರು, ಹಿಂದೆ ತಹಶೀಲ್ದಾರರು ಕೂರುತ್ತಿದ್ದ ಕುರ್ಚಿಯಲ್ಲಿ ಕೂತರು. ನಾವೆಲ್ಲ ಹಿಂದಿನಂತೆಯೇ ಕೈಕಟ್ಟಿ ನಿಂತೆವು. ನರ್ಸಬಾಯಿ ಮಾತ್ರ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

"ಎಲ್ಲಾರೂ ನಿಂತೀರಿ. ಯಾಕಂತ ಕೇಳ್ರಿ."

ಯಾರೂ ಕೇಳಲಿಲ್ಲ. ಅವರು ಗಲ್ಲಕ್ಕೆ ಕೈಯಿಟ್ಟು ಕಾದರು. ಕಡೆಗೆ ಅತ್ತೆಯೇ ತಡೆಯಲಾರದೆ, "ಯಾಕ್ರಿ?" ಎಂದರು.

"ಫರೋಹ ಹೋಗ್ಯಾನ. ನಾವ ಇನ್ನೂ ಹೊಂಟಿಲ್ಲ."

ಅತ್ತೆ ಸೆರಗು ಸರಿಮಾಡಿಕೊಂಡು ಅವರ ಪಕ್ಕದಲ್ಲಿ ಕೂತರು. ಆಮೇಲೆ ಒಬ್ಬೊಬ್ಬರೇ ನಾವೆಲ್ಲ ಕೂತೆವು. ಯಜಮಾನರು ಆಚೀಚೆ ನೋಡಿ, ಕುರ್ಚಿ ಬಿಟ್ಟು ಇಳಿದು ಬಂದರು.

"ಒಂಚೂರು ಸರದ ಕೂಡ್ರಿ," ಎಂದರು, "ನನಗೂ ಜಾಗಾ ಬೇಕು."