ಬಣ್ಣದಡಿಯ ಮರಳು

ಬೆಳಗಿನ ಆರು ಗಂಟೆ. ಶಿರಾ ಊರಾಚೆಯ ತಗಡಿನ ಶೆಡ್ಡಿನಲ್ಲಿ ಚೌಡಯ್ಯ ಹಳೆಯ ಯೆಜ್ಡಿ ಬೈಕಿನ ಚಾಸಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ಚಾಸಿಯಲ್ಲಿ ಕೊರೆದಿರುವ ನಂಬರಿನ ಮೇಲೆ ಮೂರು ಸುತ್ತು ಟೇಪು, ಅದರ ಮೇಲೆ ಸೈಕಲ್ ಟ್ಯೂಬಿನ ತುಂಡು ಬಿಗಿಯುತ್ತಾರೆ. ಆಮೇಲೆ ತಲೆಗೆ ಹೆಲ್ಮೆಟ್, ಮೂಗು ಬಾಯಿಗೆ ಒದ್ದೆ ಟವೆಲ್. ಕಂಪ್ರೆಸರ್ ಗುಡುಗುತ್ತದೆ. ಪೈಪಿನ ತುದಿಯಿಂದ ಚಿಮ್ಮುವ ಮರಳು ನಲವತ್ತು ವರ್ಷದ ತುಕ್ಕನ್ನೂ ಬಣ್ಣವನ್ನೂ ಕಿತ್ತು ಹಾಕುತ್ತದೆ.

ಎಂಟೂವರೆಗೆ ನಿಲ್ಲಿಸಲೇಬೇಕು. ಪಕ್ಕದ ಹೋಟೆಲಿನವರ ತಕರಾರಿದೆ. "ಇಡ್ಲಿ ಮ್ಯಾಲೆ ದೂಳು ಬಿದ್ರೆ ಕೇಳೋರವ್ರೆ ಸಾರ್," ಎನ್ನುತ್ತಾರೆ ಚೌಡಯ್ಯ.

ತಾವರೆಕೆರೆಯ ಚೌಡಯ್ಯನವರಿಗೆ ನಲವತ್ತಾರು. ಹನ್ನೊಂದು ವರ್ಷದಿಂದ ಇದೇ ಕೆಲಸ. ತಿಂಗಳಿಗೆ ಎಂಟು ಹತ್ತು ಚಾಸಿ, ಒಂದೊಂದಕ್ಕೂ ಎರಡು ಮೂಟೆ ಜರಡಿ ಹಿಡಿದ ಮರಳು. ಬರಿ ಕಬ್ಬಿಣ ಬಿಟ್ಟರೆ ತುಕ್ಕು ಹಿಡಿಯುವುದರಿಂದ ಪೇಂಟರ್ ಕಾದೇ ಇರುತ್ತಾರೆ. ಚೌಡಯ್ಯನವರ ಕೆಲಸ ಕಣ್ಣಿಗೆ ಕಾಣುವುದು ಮೂರು ನಾಲ್ಕು ಗಂಟೆ ಮಾತ್ರ.

ಎರಡು ವರ್ಷದಿಂದ ಕೆಮ್ಮು. ಮೊದಲು ಆರು ತಿಂಗಳು ಕ್ಷಯದ ಮಾತ್ರೆ ನುಂಗಿದರು. ಬಳಿಕ ತುಮಕೂರಿನ ವೈದ್ಯರೊಬ್ಬರು ಎಕ್ಸ್-ರೇ ನೋಡಿ, ಇದು ಮರಳು, ಕಲ್ಲಿನ ದೂಳಿನಿಂದ ಶ್ವಾಸಕೋಶಕ್ಕೆ ಬರುವ ಸಿಲಿಕೋಸಿಸ್, ವಾಸಿಯಾಗದು, ಕೆಲಸ ಬಿಡಿ ಎಂದರು. ಪರಿಹಾರ ಸಿಗಬೇಕಾದರೆ ಮರಳಿನ ಕೆಲಸ ಮಾಡಿದ್ದಕ್ಕೆ ದಾಖಲೆ ಬೇಕು. ಶೆಡ್ಡಿನ ಹಾಜರಿ ಪುಸ್ತಕದಲ್ಲಿ ಅವರು ಕಾವಲುಗಾರ. ಬಿಟ್ಟು ಹೋದರೆ ಇಲ್ಲಿ ದುಡಿದೇ ಇಲ್ಲ ಎಂದಾರೆಂಬ ಭಯಕ್ಕೆ ಇನ್ನೂ ಬಿಟ್ಟಿಲ್ಲ.

ಮಾಲೀಕ ಗೌರೀಶ್ ಪುಸ್ತಕ ತಿದ್ದಲು ಒಪ್ಪುವುದಿಲ್ಲ. ಬೋರ್ಡಿನಲ್ಲಿ ಬರೆಸಿರುವಂತೆ ತಾವು ಬಳಸುವುದು ಗಾಜಿನ ಸಣ್ಣ ಮಣಿಗಳನ್ನು ಮಾತ್ರ, ಅದರಿಂದ ಈ ರೋಗ ಬರದು ಎನ್ನುತ್ತಾರೆ. ಅವರು ಹಾಗೆನ್ನುವಾಗ ಬಾಗಿಲ ಬಳಿ ಟಾರ್ಪಾಲಿನ ಮೇಲೆ ಮರಳು ಒಣಗುತ್ತಿದೆ.

ಉಳಿದದ್ದು ಇಲ್ಲಿ ಚಾಸಿ ಕೊಟ್ಟು ಮಾಡಿಸಿಕೊಂಡ ಬೈಕಿನವರ ಸಾಕ್ಷಿ. ಮಧುಗಿರಿಯ ಪ್ರಭುದೇವ್ ಅವರ ಬೈಕಿಗೆ ಈಚೆಗೆ ಪ್ರದರ್ಶನವೊಂದರಲ್ಲಿ ಬಹುಮಾನ ಬಂತು. ಪಕ್ಕದ ಫಲಕದಲ್ಲಿ ಮೆಕ್ಯಾನಿಕ್, ಪೇಂಟರ್, ಸೀಟು ಹೊಲಿದವರ ಹೆಸರೂ ಇತ್ತು, ಚೌಡಯ್ಯನವರದಿರಲಿಲ್ಲ. ಹೆಂಡತಿ ದಾಸಮ್ಮನ ಜೊತೆ ಬಸ್ಸು ಹತ್ತಿ ಹೋಗಿ, ಮರಳು ಹೊಡೆದದ್ದು ನಾನೆಂದು ಒಂದು ಸಾಲು ಬರೆದುಕೊಡಿ ಎಂದು ಕೇಳಿದರು. ಪ್ರಭುದೇವ್ ಕೂರಿಸಿ ಕಾಫಿ ಕೊಟ್ಟರು. ಬರೆದುಕೊಡಲಿಲ್ಲ. ಮರಳು ಲೋಹವನ್ನು ತಿನ್ನುತ್ತದೆಂದು ಹಳೆ ಬೈಕು ಕೊಳ್ಳುವವರು ಹಿಂಜರಿಯುತ್ತಾರೆ. "ಮರಳು ಹೊಡೆಸಿದ ಗಾಡಿ ಅಂತ ಗೊತ್ತಾದ್ರೆ ರೇಟ್ ಬಿದ್ದೋಗುತ್ತೆ ಚೌಡಯ್ಯ, ನೀನೇ ಅರ್ಥ ಮಾಡ್ಕೋ," ಎಂದರಂತೆ.

ದಾಸಮ್ಮ ಆ ಕಾಫಿ ಕುಡಿಯಲಿಲ್ಲ. "ಗಾಡಿಗೆ ಮರಳೇ ತಾಕಿಲ್ವಂತೆ. ಇವ್ರ ಎದೆಗೆ ಮಾತ್ರ ತಾಕೈತೆ," ಎನ್ನುತ್ತಾರೆ.

ಎಂಟೂವರೆ. ಕಂಪ್ರೆಸರ್ ನಿಂತಿದೆ. ಚೌಡಯ್ಯ ಟ್ಯೂಬು, ಟೇಪು ಬಿಚ್ಚುತ್ತಾರೆ. ಬೂದು ಕಬ್ಬಿಣದ ನಡುವೆ ಹೆಬ್ಬೆರಳಗಲ ಹಳೆಯ ಕೆಂಪು ಬಣ್ಣ, ಅದರೊಳಗೆ ನಂಬರು, ಒಂದಂಕಿಯೂ ಮುಕ್ಕಾಗಿಲ್ಲ.

"ಇದು ಅಳಿಸ್ಬುಟ್ರೆ ಗಾಡಿ ಯಾರ್ದು ಅಂತ ತೋರ್ಸಾಕೆ ಆಗಕಿಲ್ಲ. ಹನ್ನೊಂದು ವರ್ಸದಾಗೆ ಒಂದೂ ಅಳಿಸಿಲ್ಲ ನಾನು."

ಕೆಮ್ಮು ನಿಲ್ಲುವವರೆಗೆ ಕಂಬ ಹಿಡಿದು ನಿಲ್ಲುತ್ತಾರೆ. ಆಮೇಲೆ ಈ ವರದಿಗಾರನನ್ನು ಕೇಳುವುದು ಒಂದೇ:

"ಪೇಪರ್‌ನಾಗೆ ಮರಳು ಅಂತ್ಲೇ ಹಾಕಿ ಸಾರ್. ನೀವೂ ಗಾಜು ಅಂತ ಹಾಕ್ಬುಟ್ಟೀರ."