ಬೀರು ಮೂಸುವ ಅತ್ತಿಗೆ

ನಮ್ಮ ಅತ್ತಿಗೆ ಪೀಠೋಪಕರಣದ ಅಂಗಡಿಗೆ ಹೋದರೆ ಬೆಲೆ ಕೇಳುವ ಮೊದಲೇ ಬೀರುವಿನೊಳಗೆ ತಲೆ ತೂರಿಸಿ ಮೂಸುತ್ತಾರೆ. ಮೇಜಿನ ಅಡಿಯನ್ನು ಉಗುರಿನಿಂದ ಕೆರೆದು, ಮರವೋ ಅಂಟು ಕಲಸಿದ ಹೊಟ್ಟೋ ಎಂದು ನೋಡುತ್ತಾರೆ. ಅಂಗಡಿಯವನು “ಏನಕ್ಕಾ, ಬೀರು ಕೊಳ್ತೀರೋ, ಒಳಗೇ ಸಂಸಾರ ಹೂಡ್ತೀರೋ?” ಎಂದರೆ, “ಮೊದ್ಲು ನಿಮ್ಮ ಅಂಟಿನ ನಾತ ಮನೆ ಖಾಲಿ ಮಾಡ್ಲಿ, ಆಮೇಲೆ ಹೂಡೋಣ” ಎನ್ನುತ್ತಾರೆ. ಕಡಿದ ಮರದ ಬದಲು ಇನ್ನೊಂದು ನೆಟ್ಟಿರಾ ಎಂದು ಕೇಳಿದಾಗಲಂತೂ ಅವನಿಗೆ ತುರ್ತಾಗಿ ಫೋನ್ ಬರುತ್ತದೆ. ಅಣ್ಣ ಗೊಣಗುತ್ತಾನೆಯೇ ಹೊರತು ತಡೆಯುವುದಿಲ್ಲ. ಹಿಂದೆ ತಂದ ಹೊಸ ಮಂಚದ ಬಣ್ಣದ ಘಾಟಿಗೆ ಮಗಳ ಉಸಿರು ಕಟ್ಟಿ ಆಸ್ಪತ್ರೆಗೆ ಓಡಿದ್ದು ಇಬ್ಬರಿಗೂ ನೆನಪಿದೆ. ಮೊನ್ನೆ ಅತ್ತಿಗೆ ಯಾರೋ ಕೆಡವಿದ ಮನೆಯ ಹಳೆಯ ಬಾಗಿಲುಗಳನ್ನು ತಂದು, ಬಡಗಿಯಿಂದ ಮಂಚ ಮಾಡಿಸಿ, ಬಣ್ಣದ ಬದಲು ಅಗಸೆ ಎಣ್ಣೆ ತಿಕ್ಕಿಸಿದರು. ಮಗಳು ಅದರ ಮೇಲೆ ಕುಣಿದು ಕುಣಿದು ದಣಿದು ಮಲಗಿದಳು. ಅವಳ ಎದೆಗೆ ಕಿವಿಯಿಟ್ಟು ಬಹಳ ಹೊತ್ತು ಕೂತಿದ್ದ ಅತ್ತಿಗೆ, “ಒಂಚೂರೂ ಗೊರಗೊರ ಇಲ್ಲ ಕಣ್ರೀ, ನೀವೂ ಬಂದು ಕೇಳಿ” ಎಂದು ಅಣ್ಣನನ್ನು ಕರೆದರು.