ಬಾರಿಕೋಲಿನ ಬಿಲ್ಲು

ಬಿಲ್ಲು ಮುರಿದು, ಚೂರು ಸಿಡಿದು ಅಕ್ಕನ ಎಡಗಣ್ಣು ಹೋಯಿತು. ನಮ್ಮ ಮನೆಯಲ್ಲಿ ಎಲ್ಲರೂ ಹೀಗೇ ಹೇಳುತ್ತಾರೆ. ನಾನೂ ಹೇಳುತ್ತೇನೆ. ಬಿಲ್ಲು ಮಾಡಿದವನು ನಾನು.

ಆಗ ವಿಶ್ವವಿದ್ಯಾಲಯದಿಂದ ರಜೆಗೆ ಬಂದಿದ್ದೆ. ಕವಿತಾಳದ ಹತ್ತಿರದ ನಮ್ಮ ಹೊಲದಲ್ಲಿ ಜೋಳದ ತೆನೆ ಹಾಲು ತುಂಬಿತ್ತು, ಗಿಳಿಗಳು ಹಿಂಡಾಗಿ ಎರಗುತ್ತಿದ್ದವು. ಅಕ್ಕ ಕವಣೆ ಬೀಸುತ್ತಿದ್ದಳು. ಬರಿಗೈಯ ಮನುಷ್ಯ ಕಾಡಿನಲ್ಲಿ ಹೇಗೆ ಬದುಕುತ್ತಾನೆಂದು ಓದಿಕೊಂಡಿದ್ದ ನಾನು ಬದುವಿನ ಬಾರಿಗಿಡದಿಂದ, ಅಂದರೆ ಎಲಚಿ ಗಿಡದಿಂದ, ಒಂದು ಕೋಲು ಕಡಿದೆ. ಹೆದೆಗೆ ಪುಂಡಿನಾರು, ಬಾಣಕ್ಕೆ ಜೋಳದ ದಂಟು, ತುದಿಗೆ ಜಾಲಿಮುಳ್ಳು.

"ಕವಣಿ ಅದ ಅಲ್ಲೋ ತಮ್ಮಾ," ಎಂದಳು ಅಕ್ಕ. "ಗಿಳಿಗೆ ನಿನ್ನ ಡಿಗ್ರಿ ತೋರಸ್ಬೇಕೇನು?"

ಇಷ್ಟು ಖಚಿತ. ಆಮೇಲೆ ಹೆದೆ ಎಳೆದೆ, ಏನೋ ಸದ್ದಾಯಿತು, ಅಕ್ಕ ಮುಖ ಮುಚ್ಚಿಕೊಂಡು ಕುಳಿತಳು. ಮುರಿದ ತುಂಡು ಕಂಡ ನೆನಪಿಲ್ಲ. ಬಾಣ ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ. "ಕೋಲು ಮುರದು ಬಡೀತು ಯವ್ವಾ," ಎಂದು ಅವ್ವನಿಗೆ ಮೊದಲು ಹೇಳಿದವಳು ಅಕ್ಕನೇ. ನಾನು ಹೂಂ ಅಂದೆ.

ಎರಡು ವರ್ಷದ ಹಿಂದೆ ದೇವದುರ್ಗದಲ್ಲಿ ಪಾಠ ಮಾಡುತ್ತ ಯಾವುದೋ ಮಾತಿಗೆ ಈ ಕತೆ ಹೇಳಿದೆ. ಹಿಂದಿನ ಬೆಂಚಿನ ಹುಡುಗಿ ಎದ್ದಳು. "ಹಸಿ ಬಾರಿ ಮುರಿಯಂಗಿಲ್ಲರೀ ಸರ್. ಬಾಗ್ತದ." ತರಗತಿ ನಕ್ಕಿತು.

ಪರೀಕ್ಷಿಸದೆ ಏನನ್ನೂ ನಂಬಬೇಡಿ ಎಂದು ಅದೇ ತರಗತಿಗೆ ಹೇಳುವವನು ನಾನು. ಆ ಭಾನುವಾರವೇ ನಾನಿರುವ ರಾಯಚೂರಿನಿಂದ ಮಾನ್ವಿ ಬಸ್ಸು ಹಿಡಿದು, ಚೀಕಲಪರ್ವಿಯ ಅಕ್ಕನ ಮನೆಗೆ ಹೋದೆ. ಹೊಳೆದಂಡೆಯಲ್ಲಿ ಹೆಬ್ಬೆರಳು ದಪ್ಪದ ಬಾರಿಕೋಲು ಕಡಿದೆ. ಹೊರಮೈಯ ತೊಗಟೆ ಹಾಗೇ ಬಿಟ್ಟು, ನನ್ನ ಕಡೆಯ ಮೈಯನ್ನಷ್ಟೇ ಕೆತ್ತಿದೆ. ಅಂದೂ ಹೀಗೇ ಕೆತ್ತಿದ್ದೆ. ಅಥವಾ ಹಾಗೆಂದು ಈಗ ಅನಿಸುತ್ತಿದೆ.

ಅಂಗಳದಲ್ಲಿ ನಿಂತು ಎಳೆದೆ. ಕಟ್ಟೆಯ ಮೇಲೆ ಅಕ್ಕ ಜೋಳ ಕೇರುತ್ತಿದ್ದಳು. ನಾನು ಹೆದೆ ಎಳೆದಾಗಲೆಲ್ಲ ಮೊರದ ಸದ್ದು ನಿಲ್ಲುತ್ತಿತ್ತು, ಬಿಟ್ಟ ಮೇಲೆ ಶುರುವಾಗುತ್ತಿತ್ತು. ಕಿವಿಯವರೆಗೆ ಎಳೆದೆ. ಕೋಲು ಸುಮ್ಮನೆ ಬಾಗಿತು.

"ಮುರೀತೇನು?"

"ಇಲ್ಲ."

ಅಕ್ಕ ಮೊರ ಕೆಳಗಿಟ್ಟು ಎದ್ದು ಬಂದಳು. ಬಿಲ್ಲನ್ನು ಕೈಯಿಂದ ಕಸಿದು, ಮೊಣಕಾಲಿಗೆ ಕೊಟ್ಟು, ಹಲ್ಲು ಕಚ್ಚಿ ಒತ್ತಿದಳು. ಇನ್ನಷ್ಟು ಬಾಗಿತು.

"ಹಸೀದದ," ಎಂದಳು.

"ಅವತ್ತೂ ಹಸೀದ ಇತ್ತಲ್ಲಕ್ಕಾ. ಆಗಷ್ಟ ಕಡದಿದ್ದೆ."

ಅವಳು ಏಣಿ ಹತ್ತಿ, ಬಿಲ್ಲನ್ನು ಮಾಳಿಗೆಯ ಮೇಲೆ ಬಿಸಿಲಿಗಿಟ್ಟು ಬಂದಳು. "ಒಣಗ್ಲಿ. ಮುಂದಿನ ಸಲ ಬಂದಾಗ ಜಗ್ಗು. ಮುರೀತದ."

ಆಮೇಲೆ ನಾನು ಆ ಕಡೆ ಹೋಗಿಲ್ಲ. ಅವಳು ಮಾತ್ರ ಫೋನ್ ಮಾಡುತ್ತಾಳೆ. ಬೆಳೆ, ಮೊಮ್ಮಕ್ಕಳು, ಹೊಳೆಯ ನೀರು ಎಲ್ಲ ಹೇಳಿದ ಮೇಲೆ, ಇಡುವ ಮುಂಚೆ ಕೇಳುತ್ತಾಳೆ:

"ಯಾವಾಗ ಬರ್ತಿ ತಮ್ಮಾ? ಕೋಲು ಒಣಗ್ಯದ."